ಬ್ಲೇಡಿಲ್ಲದ ರೇಜರು

"ಸ್ವಂತ ಮುಖಕ್ಕೆ ಬೇಕಾದ್ರೆ ಬಳಸ್ಕೊಳ್ಳಿ. ಇನ್ನೊಬ್ಬರ ಕುತ್ತಿಗೆಗೆ ಮಾತ್ರ ತಾಗಿಸ್ಬೇಡಿ," ಎಂದಳು ಕ್ಷೌರಿಕನ ವಿಧವೆ. ಹೂಳಿಬಿಡೋಣವೆಂದು ಅವಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಿತ್ತಾಳೆಯ ಸೇಫ್ಟಿ ರೇಜರನ್ನು ಕನ್ನಡಕದಂಗಡಿಯವನು ಆಗಲೇ ಬಿಚ್ಚಿ ಬೆಳಕಿಗೆ ಹಿಡಿದಿದ್ದ.

ಆ ಬೀದಿಗೆ ಬಂದು ಅವನಿಗೆ ಮೂರೇ ತಿಂಗಳು. ರೇಜರುಗಳ ಹುಚ್ಚು ಮಾತ್ರ ಇಪ್ಪತ್ತು ವರ್ಷದ್ದು. ಮನೆಯ ಗಾಜಿನ ಕಪಾಟಿನ ತುಂಬ ಅವೇ. ಹೆಂಡತಿಯ ಬಟ್ಟೆಗಳೆಲ್ಲ ಮಂಚದ ಕೆಳಗೆ ಸೇರಿದ್ದವು.

"ಯಾಕಮ್ಮಾ, ಕಚ್ಚುತ್ತಾ?"

"ನಮ್ಮ ಯಜಮಾನ್ರು ಪಾಲುದಾರನ ಕೂದಲು ಇದರ ಹಿಡಿಯೊಳಗಿಟ್ಟು ಮಾಟ ಮಾಡ್ಸಿದ್ರು. ಬರೀ ಹೆದರ್ಸೋಕೆ. ಅವನಿಗೆ ಶೇವ್ ಮಾಡೋಕೆ ಕೂತ್ರೆ, ಕೈ ಇವರ ಮಾತೇ ಕೇಳ್ಲಿಲ್ಲ."

"ನನ್ನ ಕೈ ನಾನು ಹೇಳಿದ್ದು ಕೇಳುತ್ತೆ ಬಿಡಿ," ಎಂದು ನಕ್ಕು ರೇಜರನ್ನು ಜೇಬಿಗಿಳಿಸಿದ. ಬುದ್ಧಿವಂತನೆಂಬ ಹೆಮ್ಮೆ ತಲೆಗೇರಿದವನಿಗೆ ಹೇಳುವವರು ಯಾರು?

ಮನೆಯಲ್ಲಿ ರೇಜರನ್ನು ಭಾಗ ಭಾಗವಾಗಿ ಬಿಚ್ಚಿದ. ಟೊಳ್ಳು ಹಿಡಿಯೊಳಗೆ ಮೇಣ ತುಂಬಿತ್ತು. ಸೂಜಿಯಿಂದ ಕೆದಕಿದರೆ ಕಪ್ಪು ದಾರ ಸುತ್ತಿದ ಕೂದಲಿನ ಗಂಟು ಹೊರಬಿತ್ತು. ಅದನ್ನು ಮೋರಿಗೆ ಹಾಕಿ ನೀರು ಬಿಟ್ಟ. ಹಿಡಿಯನ್ನು ಎಷ್ಟು ಉಜ್ಜಿದರೂ ಸುಟ್ಟ ಕೂದಲಿನ ಕಮಟು ವಾಸನೆ ಹೋಗಲಿಲ್ಲ. ಬೆಳಿಗ್ಗೆ ಹೊಸ ಬ್ಲೇಡು ಹಾಕಿ ತಾನೇ ಶೇವ್ ಮಾಡಿಕೊಂಡ. ಒಂದು ಗೀರೂ ಆಗಲಿಲ್ಲ.

ಒಳಕೋಣೆಯಲ್ಲಿ ಅಪ್ಪ ಕಾಯುತ್ತಿದ್ದ. ಲಕ್ವ ಹೊಡೆದು ಅಪ್ಪನ ಬಲಭಾಗವೂ ಮಾತೂ ಹೋಗಿ ವರ್ಷವಾಗಿತ್ತು. ದಿನಾ ಬೆಳಿಗ್ಗೆ ಮಗ ಬಿಸಿನೀರು, ಸೋಪು, ಬ್ರಶ್ಶು ಹಿಡಿದು ಬಂದರೆ ಮುದುಕನ ಮುಖ ಅರಳುತ್ತಿತ್ತು. ಕಣ್ಣು ಮುಚ್ಚಿ ಗದ್ದ ಎತ್ತಿ ಕೊಡುತ್ತಿದ್ದ. ಇಬ್ಬರ ನಡುವೆ ಉಳಿದಿದ್ದ ಮಾತುಕತೆ ಅದೊಂದೇ.

"ಮಾವಂಗೆ ಅದು ಬೇಡ ರೀ," ಎಂದಳು ಹೆಂಡತಿ. ಇಸ್ತ್ರಿ ಮಾಡುತ್ತಿದ್ದವಳು ಪೆಟ್ಟಿಗೆ ಹಿಡಿದೇ ಬಾಗಿಲಿಗೆ ಬಂದಿದ್ದಳು.

"ನೀನೂ ಶುರುಮಾಡಿದ್ಯಾ? ಇಲ್ನೋಡು." ಬ್ಲೇಡನ್ನು ತೆಗೆದು ಮೇಜಿನ ಮೇಲಿಟ್ಟ. ಬೋಳು ರೇಜರನ್ನು ಮತ್ತೆ ತಿರುಪಿ ಬಿಗಿದ. "ಬ್ಲೇಡೇ ಇಲ್ಲ. ಈಗ ಏನು ಕೊಯ್ಯುತ್ತೆ, ನನ್ನ ತಲೆ?" ಅಪ್ಪನ ಕೆನ್ನೆಯ ನೊರೆಯ ಮೇಲೆ ಆಟಕ್ಕೆಂದು ಎಳೆದ.

ಕರ್ರ್ ಎಂದು ಗಡ್ಡ ಕತ್ತರಿಸಿದ ಸದ್ದು.

ನೊರೆ ಕೆಂಪಾಯಿತು. ಬೆಚ್ಚಿ ಕೈ ಹಿಂದೆಳೆಯಲು ನೋಡಿದ. ಬರಲಿಲ್ಲ. ಕೈ ಕೆಳಗಿಳಿಯಿತು. ದವಡೆ ದಾಟಿತು. ಕುತ್ತಿಗೆಗೆ ಬಂತು. ಸುಟ್ಟ ಕೂದಲಿನ ವಾಸನೆ ಕೋಣೆ ತುಂಬಿತು. ಅಪ್ಪನ ಗಂಟಲಿನಿಂದ ಗೊರಗೊರ ಸದ್ದು. ಬಿಸಿ ರಕ್ತ ಅವನ ಬಾಯಿಗೇ ಚಿಮ್ಮಿತು.

"ಬಿಡ್ರೀ, ಬಿಡಿ."

"ಆಗ್ತಿಲ್ಲ. ಹೊಡಿ. ಕೈಗೆ ಹೊಡಿ."

ಅವಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನ ಮಣಿಕಟ್ಟಿಗೆ ಬಡಿದಳು. ಮೂಳೆ ಲಟಕ್ಕೆಂದಿತು. ಕೈ ನಿಲ್ಲಲಿಲ್ಲ. ಮತ್ತೆ ಬಡಿದಳು. ಚರ್ಮ ಚುರುಗುಟ್ಟಿತು. ಮತ್ತೆ. ಮತ್ತೆ. ಮಣಿಕಟ್ಟು ಮಾಂಸದ ಮುದ್ದೆಯಾದ ಮೇಲೆ ಬೆರಳುಗಳು ಬಿಚ್ಚಿಕೊಂಡವು.

ಆಸ್ಪತ್ರೆಯಲ್ಲಿ ಅವನ ಬಲಗೈ ತೆಗೆದುಹಾಕಿದರು. ಅಪ್ಪನಿಗೆ ಇಪ್ಪತ್ತೇಳು ಹೊಲಿಗೆ ಬಿತ್ತು, ಜೀವ ಉಳಿಯಿತು. ಕ್ಷೌರಿಕನ ವಿಧವೆ ತಾನೇ ಬಂದು ರೇಜರನ್ನು ಒಯ್ದಳು.

ಅಪ್ಪನನ್ನು ಮನೆಗೆ ಕರೆತಂದ ದಿನ ಅವನು ಎಡಗೈಯಲ್ಲಿ ಹಾಲಿನ ಲೋಟ ಹಿಡಿದು ಒಳಕೋಣೆಗೆ ಹೋದ. ಹೆಜ್ಜೆಯ ಸದ್ದಿಗೇ ಮುದುಕ ಆಡುವ ಒಂದೇ ಕೈಯಿಂದ ಕುತ್ತಿಗೆ ಮುಚ್ಚಿಕೊಂಡ.

"ಹಾಲಪ್ಪಾ. ಬರೀ ಹಾಲು."

ಮುದುಕ ಕೈ ತೆಗೆಯಲಿಲ್ಲ. ಅವನು ಲೋಟವನ್ನು ಹೆಂಡತಿಗೆ ಕೊಟ್ಟು ಹೊರಗೆ ಹೋದ.