ಖಾಲಿ ಆಕಾಶದ ಫೋಟೋ

ಬಕೆಟ್ಟಿನ ಮುಂದೆ ಕೂತು ಅವಳು ಬಿಳಿ ಅಂಗಿಯೊಂದನ್ನು ಉಜ್ಜುತ್ತಿದ್ದಳು. ಅಷ್ಟರಲ್ಲಿ ಅಣ್ಣನ ಕೂಗು.

"ಫೋಟೋದಲ್ಲಿ ಮತ್ತೆ ಕಲೆ! ಕಣ್ಣು ಎಲ್ಲಿಟ್ಕೊಂಡು ಒಗೀತೀಯ?"

ಅಣ್ಣನದು ಬಾಡಿಗೆ ಉಡುಪಿನ ಅಂಗಡಿ. ಗಂಡನನ್ನು ಬಿಟ್ಟು ಬಂದಾಗಿನಿಂದ ಒಗೆಯುವುದು, ಇಸ್ತ್ರಿ ಹಾಕುವುದು, ಗಿರಾಕಿಗಳಿಗೆ ತೋರಿಸಲು ಫೋಟೋ ತೆಗೆಯುವುದು, ಎಲ್ಲವೂ ಅವಳ ಪಾಲಿಗೆ. ಹೊಸಿಲು ದಾಟಬೇಕೆಂದರೂ ಅಣ್ಣನ ಅಪ್ಪಣೆ.

"ಬಾಳಲ್ಲೂ ಕಲೆ, ಬಟ್ಟೆಯಲ್ಲೂ ಕಲೆ..." ಒಳಗಿನಿಂದ ಅತ್ತಿಗೆ ರಾಗ ಎಳೆದಳು.

ಮಗಳು ಚುಕ್ಕಿ ಕ್ಯಾಮೆರಾ ಹಿಡಿದು ಓಡಿಬಂದಳು. "ಅಮ್ಮಾ, ನೋಡಿಲ್ಲಿ! ನೀಲಿ ಗೌನಿಗೂ ಬಲಗಡೆ ಮೇಲೆ ಕಲೆ, ಹಳದಿ ಅಂಗಿಗೂ ಅಲ್ಲೇ, ಬಿಳಿ ಅಂಗಿಗೂ ಅಲ್ಲೇ!"

ಅವಳ ಕೈ ನಿಂತಿತು. ಹೌದಲ್ಲ... ಇಷ್ಟು ದಿನ ನಾನು ಇಲ್ಲದ ಕಲೆಯನ್ನು ಉಜ್ಜುತ್ತಿದ್ದೆನಾ?

"ಅಮ್ಮಾ, ನಾವು..."

"ಶ್! ಮಾವ ಕೇಳಿಸ್ಕೊಳ್ತಾರೆ."

ಚುಕ್ಕಿ ಪ್ರಶ್ನೆಯನ್ನು ನುಂಗಿಕೊಂಡಳು.

ದೋಷ ಕ್ಯಾಮೆರಾದ್ದೇ ಇರಬೇಕೆಂದು ಅವಳು ಹೇಳಿದಾಗ, ಕ್ಯಾಮೆರಾ ಕೆಟ್ಟರೆ ವ್ಯಾಪಾರವೂ ಕೆಡುತ್ತದೆಂದು ಅಣ್ಣ ಗೊಣಗುತ್ತಲೇ ತಾಯಿ ಮಗಳನ್ನು ರಿಪೇರಿ ಅಂಗಡಿಗೆ ಕಳಿಸಿದ.

ರಿಪೇರಿಯವನು ಫೋಟೋಗಳನ್ನು ಒಂದೊಂದಾಗಿ ನೋಡಿದ. "ಬಟ್ಟೆ ಎಲ್ಲಾ ಶುಭ್ರವಾಗೇ ಇದೆ ಮೇಡಂ. ಧೂಳು ಕೂತಿರೋದು ಕ್ಯಾಮೆರಾ ಒಳಗೆ, ಚಿತ್ರ ಮೂಡೋ ಸೆನ್ಸರ್ ಮೇಲೆ. ಈ ಚುಕ್ಕಿನ ತೆಗೆದುಬಿಡ್ತೀನಿ."

"ನನ್ನನ್ನಾ?!" ಮಗಳು ಬೆಚ್ಚಿದಳು.

"ಇವಳ ಹೆಸರೂ ಚುಕ್ಕಿನೇ," ಎಂದು ಅವಳು ನಕ್ಕುಬಿಟ್ಟಳು. ಅವಳ ನಗು ಅವಳಿಗೇ ಹೊಸದೆನಿಸಿತು.

ಅವನೂ ನಕ್ಕ. "ಒಂದು ಖಾಲಿ ಆಕಾಶದ ಫೋಟೋ ತೆಗೆದು ತನ್ನಿ. ಧೂಳು ಎಷ್ಟಿದೆ ಅಂತ ಸರಿಯಾಗಿ ಗೊತ್ತಾಗತ್ತೆ."

"ನಮ್ಮ ಕಿಟಕಿಯಿಂದ ಪಕ್ಕದ ಮನೆ ಗೋಡೆ ಮಾತ್ರ ಕಾಣತ್ತೆ... ಟೆರೇಸಿನ ಬೀಗದ ಕೈ ಅಣ್ಣನ ಹತ್ರ. ಗೋಡೆ ಫೋಟೋ ಆಗಲ್ವಾ?"

ಅವನು ಅವಳ ಮುಖ ನೋಡಿ, ಕ್ಯಾಮೆರಾ ಎತ್ತಿಕೊಂಡ.

"ಆಗಲ್ಲ. ಆಕಾಶನೇ ಬೇಕು. ಬನ್ನಿ, ನಮ್ಮ ಟೆರೇಸಿಗೆ."

ಮೇಲೆ ಹತ್ತಿದರೆ... ಅಬ್ಬಾ, ಎಷ್ಟೊಂದು ಆಕಾಶ! ಧೂಳು ಸ್ಪಷ್ಟವಾಗಿ ಕಾಣಲೆಂದು ಅವನು ಬೆಳಕು ಬರುವ ಲೆನ್ಸಿನ ಕಂಡಿಯನ್ನು ಕಿರಿದು ಮಾಡಿ ಕೊಟ್ಟ. ಅವಳು ತೆಗೆದ ಫೋಟೋದಲ್ಲಿ ಚುಕ್ಕೆ ಎದ್ದು ಕಂಡಿತು. ಲೆನ್ಸ್ ಕಳಚಿ, ರಬ್ಬರಿನ ಪುಟ್ಟ ಪಂಪ್ ಒತ್ತಿ ಒಳಗೆ ಗಾಳಿ ಊದಿದ. ಮತ್ತೊಂದು ಫೋಟೋ. ಚುಕ್ಕೆ ಮಾಯ!

ಆದರೂ ಅವಳಿಗೆ ಕೆಳಗಿಳಿಯಲು ಮನಸ್ಸಾಗಲಿಲ್ಲ.

ಮುಂದಿನ ವಾರ ಅಣ್ಣನ ಅಪ್ಪಣೆ ಪಡೆದು, ಚುಕ್ಕಿಯೊಂದಿಗೆ ಮತ್ತೆ ಬಂದಳು.

"ಚುಕ್ಕೆ... ಮತ್ತೆ ಬಂದಿದೆ."

ಅದೇ ಟೆರೇಸು, ಅದೇ ಆಕಾಶ. ಅವನು ಫೋಟೋ ಹಿಗ್ಗಿಸಿ ಮೂಲೆ ಮೂಲೆ ಹುಡುಕಿದ. "ಏನೂ ಇಲ್ವಲ್ಲ! ಮತ್ತೆ ಯಾಕೆ ಬಂದ್ರಿ?"

ಅವಳ ಮುಖ ಬಾಡಿತು. ಇವರಿಗೂ ನಾನು ಹೊರೆಯೇ!

"ತಪ್ಪಾಯ್ತು... ನಿಮ್ಮ ಕೆಲಸ ಕೆಡಿಸಿದೆ. ಬಾ ಚುಕ್ಕಿ, ಹೋಗೋಣ."

"ಅಯ್ಯೋ, ನಾನು ಹಾಗಂದಿಲ್ಲ!" ಅವನು ದಾರಿಗೆ ಅಡ್ಡ ಬರಲಿಲ್ಲ. ನಿಂತಲ್ಲಿಂದಲೇ ಹೇಳಿದ. "ಅವತ್ತು ಗೋಡೆ ಫೋಟೋನೇ ಸಾಕಾಗಿತ್ತು. ಆಕಾಶನೇ ಬೇಕು ಅಂದಿದ್ದು ಸುಳ್ಳು."

"ಯಾಕೆ?"

"ನೀವು ಆಕಾಶ ನೋಡಿ ಎಷ್ಟು ಕಾಲ ಆಗಿದೆಯೋ ಅನ್ನಿಸ್ತು. ಆಮೇಲೆ... ವಾರ ಪೂರ್ತಿ ಅಂಗಡಿ ಬಾಗಿಲನ್ನೇ ನೋಡ್ತಾ ಕೂತಿದ್ದೆ. ನೀವು ಬರಲಿ ಅಂತ."

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಚುಕ್ಕೆ ಬಂದಿದೆ ಅಂದಿದ್ದು... ಅದೂ ಸುಳ್ಳೇ."

"ಒಳ್ಳೆ ಜೋಡಿ ಸುಳ್ಳುಗಾರರು!" ಅವನು ನಕ್ಕ. "ಇನ್ಮೇಲೆ ನೆಪ ಬೇಡ. ಬರಬೇಕು ಅನ್ನಿಸಿದಾಗ ಬನ್ನಿ. ಇದ್ದುಬಿಡಬೇಕು ಅನ್ನಿಸಿದ್ರೆ... ನಾನು ಕಾಯ್ತೀನಿ."

ಅವಳ ಫೋನು ಹೊಡೆದುಕೊಂಡಿತು. ಅಣ್ಣ! ಅಭ್ಯಾಸಬಲದಿಂದ ಕಾಲು ಮೆಟ್ಟಿಲ ಕಡೆ ತಿರುಗಿತು. ಚುಕ್ಕಿ ಮಾತ್ರ ಕದಲಲಿಲ್ಲ. ಅಮ್ಮನ ಬೆರಳು ಹಿಡಿದು ಜಗ್ಗಿದಳು.

ಫೋನು ಕೂಗುತ್ತಲೇ ಇತ್ತು. ಅವಳು ಎತ್ತಲಿಲ್ಲ. ಮಗಳ ಎದುರು ಮೊಣಕಾಲೂರಿ ಕೂತಳು.

"ಏನೋ ಕೇಳ್ಬೇಕು ಅಂತಿದ್ಯಲ್ಲ ಕಂದಾ... ಈಗ ಕೇಳು."

"ಅಮ್ಮಾ, ನಾವು ಮಾವನ ಮನೇಲೇ ಇರ್ಬೇಕಾ?"