ಬೇವಿನ ಚೌಕಟ್ಟು

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ರಾಣೆಬೆನ್ನೂರಿನ ಠಾಣೆಗೆ ಬಂದ ದೂರು ಕೇಳಿ ಮುಖ್ಯಪೇದೆ ಜಹಾಂಗೀರ ಬರೆಯುವುದನ್ನೇ ನಿಲ್ಲಿಸಿದ.

"ಏನು ಕಳುವಾಗೇತಿ ಅಂದ್ರಿ?"

"ಬಾಗಲ ಚೌಕಟ್ಟರಿ," ಎಂದಳು ಐರಣಿಯ ಬಿಸ್ಮಿಲ್ಲಾಬಿ. "ರಾತ್ರಿ ಹೊಸ್ತಲಾ ಸುದ್ದಾ ಕಿತ್ಗೊಂಡು ಹೋಗ್ಯಾರ. ಗ್ವಾಡಿ ಐತಿ, ಬಾಗಲ ಇಲ್ಲ."

ಬಿಸ್ಮಿಲ್ಲಾಬಿಗೆ ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಿತ್ತು. ಮನೆಗಳು ಬೇಗ ಏಳಲಿ ಎಂದು ಹಾವೇರಿಯಿಂದ ಹೊಸ ಆದೇಶ ಬಂದಿತ್ತು. ನಿಂತ ಚೌಕಟ್ಟಿನ ಮುಂದೆ ಮನೆಯೊಡತಿಯ ಫೋಟೋ ಶುಕ್ರವಾರ ಸಂಜೆಯೊಳಗೆ ಮೊಬೈಲ್ ಆ್ಯಪಿಗೆ ಏರಬೇಕು, ಇಲ್ಲದಿದ್ದರೆ ಮನೆ ರದ್ದಾಗಿ ಬೇರೆಯವರ ಪಾಲು. ಮನೆ ಕಟ್ಟಿ ನೋಡು ಎಂಬ ಗಾದೆಗೆ ಸರ್ಕಾರ ಗಡುವನ್ನೂ ಅಂಟಿಸಿತ್ತು. ಫೋಟೋ ತೆಗೆಯುವ ಪಂಚಾಯ್ತಿಯವರು ಬುಧವಾರ ಮೇಲಿನ ಓಣಿಗೆ, ಶುಕ್ರವಾರ ಬಿಸ್ಮಿಲ್ಲಾಬಿಯ ಕೆಳಗಿನ ಓಣಿಗೆ ಬರುವವರಿದ್ದರು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಿಎಸ್‌ಐ ಶ್ರೀದೇವಿ ಸ್ಥಳ ಪಂಚನಾಮೆಗೆ ಐರಣಿಗೆ ಬಂದರು. ಸೂರಿಲ್ಲದ ಮನೆಯೊಳಗೆ ಸಿಮೆಂಟ್ ಚೀಲ, ಕಬ್ಬಿಣದ ಸರಳು ಇಟ್ಟಲ್ಲೇ ಇದ್ದವು. ಚೌಕಟ್ಟು ಬಿಡಿಸಲು ಕಿತ್ತ ಇಟ್ಟಿಗೆಗಳನ್ನು ಕಳ್ಳ ಗಾರೆ ಕೆರೆದು, ಗೋಡೆಯ ಮಗ್ಗುಲಲ್ಲಿ ಸಾಲಾಗಿ ಜೋಡಿಸಿ ಹೋಗಿದ್ದ.

"ಕಳ್ಳಗ ಇಷ್ಟು ಪುರಸೊತ್ತು ಎಲ್ಲಿಂದ ಬಂತ್ರಿ, ಮೇಡಂ?" ಎಂದ ಜಹಾಂಗೀರ.

ಶ್ರೀದೇವಿ ಇಟ್ಟಿಗೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಒಂದರ ಮೂಲೆಯೂ ಮುಕ್ಕಾಗಿರಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಅಚ್ಚುಕಟ್ಟಾದ ಕಳ್ಳನನ್ನು ಅವರು ಕಂಡಿರಲಿಲ್ಲ.

"ಚೌಕಟ್ಟಿಗೆ ಗುರುತೇನು?"

"ಬ್ಯಾಡಗ್ಯಾಗ ನಮ್ಮ ತವರಮನಿ ಹಿತ್ತಲದಾಗಿನ ಬೇವಿನ ಮರರಿ. ಬಲಗಡೆ ಒಂದು ಗಂಟು ಉದುರಿ ತೂತು ಬಿದ್ದಿತ್ತು. ಬಡಿಗೇರ ಅರಗು ತುಂಬಿ ಕೊಟ್ಟಾನ."

"ಯಾರ ಮ್ಯಾಲರ ಸಂಶಯ?"

"ಯಾರ ಮ್ಯಾಲ ಮಾಡ್ಲಿರಿ? ಎಲ್ಲಾರೂ ನಮ್ಮವ್ರ." ಆಮೇಲೆ ಮೆಲ್ಲಗೆ ಕೇಳಿದಳು, "ಶುಕ್ರವಾರದೊಳಗ ಸಿಗತೈತೇನ್ರಿ?"

ಸಂಜೆ ರಾಣೆಬೆನ್ನೂರಿನ ಕಟ್ಟಿಗೆ ಅಡ್ಡೆಗಳನ್ನೆಲ್ಲ ಜಾಲಾಡಿ ಜಹಾಂಗೀರ ಬರಿಗೈಯಲ್ಲಿ ಬಂದ.

"ಕದ್ದದ್ದೂ ಇಲ್ಲ, ಹೊಸಾದೂ ಇಲ್ರಿ. ತಾಲೂಕಿನ ಮನಿ ಎಲ್ಲಾ ಒಂದ ವಾರದಾಗ ಬಾಗಲಾ ನಿಲ್ಲಸಬೇಕಂತ. ಬಡಿಗೇರ್ರು ಯಾರನ್ನೂ ಮಾತಾಡ್ಸವಲ್ರು."

ಚಹಾ ಕುಡಿಯುತ್ತಿದ್ದ ಶ್ರೀದೇವಿ ಲೋಟ ಕೆಳಗಿಟ್ಟರು. "ಹಂಗಾರ ಇದು ಮಾರಾಕ ಕದ್ದದ್ದಲ್ಲ, ನಿಲ್ಲಸಾಕ ಕದ್ದದ್ದು. ಇಟ್ಟಂಗಿ ಒಡಿಲಾರದ ತಗದಾಂವ, ತಾನೂ ಇಟ್ಟಂಗಿ ಕೊಂಡಾಂವ ಇರಬೇಕು."

ಗುರುವಾರ ಬೆಳಿಗ್ಗೆ ಇಬ್ಬರೂ ಬಿಸ್ಮಿಲ್ಲಾಬಿಯನ್ನು ಕರೆದುಕೊಂಡು ಐರಣಿಯ ಅರೆಗೋಡೆಯ ಮನೆಗಳನ್ನು ನೋಡುತ್ತ ಹೊರಟರು. ಮೇಲಿನ ಓಣಿಯಲ್ಲಿ ಗದಿಗೆವ್ವ ಎಂಬುವಳ ಮನೆಯ ಚೌಕಟ್ಟು ಮೈತುಂಬ ಅರಿಷಿಣ ಬಳಿದುಕೊಂಡು, ಚೆಂಡುಹೂವಿನ ಮಾಲೆ ಹೊತ್ತು ನಿಂತಿತ್ತು. ಫೋಟೋ ಹಿಂದಿನ ದಿನವೇ ಆಗಿತ್ತು. ಶ್ರೀದೇವಿ ಬಲಗಡೆಯ ಮರದ ಮೇಲೆ ಬೆರಳಾಡಿಸಿದರು. ಅರಿಷಿಣದಡಿ ಒಂದು ಕಡೆ ನುಣ್ಣಗೆ ಅರಗು ಸಿಕ್ಕಿತು.

"ಚಂದ ಐತಿ. ಯಾವ ಕಟಗಿ?"

"ಸಾಗವಾನಿ ರಿ."

"ಮಾಡಿದಾಂವ ಯಾರು?"

ಗದಿಗೆವ್ವ ಹೂವಿನ ಮಾಲೆಯನ್ನು ಎಳೆದು ಆ ಜಾಗ ಮುಚ್ಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

"ಇದು ಬೇವು," ಎಂದರು ಶ್ರೀದೇವಿ.

ಗದಿಗೆವ್ವ ಹೊಸ್ತಿಲ ಮೇಲೆ ಕುಸಿದು ಕುಳಿತವಳು, ಹೊಸ್ತಿಲೆಂದು ನೆನಪಾಗಿ ತಟ್ಟನೆ ಎದ್ದು ನೆಲದ ಮೇಲೆ ಕುಳಿತಳು.

"ಬಡಿಗೇರ ಕೈ ಕೊಟ್ಟ. ಫೋಟೋ ಆಗದಿದ್ರ ಮನಿ ಹೋಗ್ತಿತ್ರಿ. ನಾನೂ ನನ್ನ ತಮ್ಮ ಕೊಟ್ರೇಶಾನೂ ಹೊತ್ಗೊಂಡು ಬಂದ್ವಿ. ಫೋಟೋ ಆದಮ್ಯಾಲ ತಿರುಗಿ ನಿಲ್ಲಿಸಿ ಬರೂದಿತ್ತು. ಅದಕ್ಕ ಇಟ್ಟಂಗಿ ಜ್ವಾಕಿಲೆ ಇಟ್ಟಿದ್ದೆ."

"ಮತ್ತ ಯಾಕ ಒಯ್ಯಲಿಲ್ಲ?"

"ಸ್ವಂತ ಬಾಗಲ ಮುಂದ ಹಂಗ ಬರೇ ಹೆಂಗ ನಿಂದ್ರೂದ್ರಿ? ಅರಿಷಿಣ ಹಚ್ಚಿ ಕಾಯಿ ಒಡದೆ. ಪೂಜಿ ಆದ ಹೊಸ್ತಲಾ ಕೀಳತಾರೇನ್ರಿ?"

"ಆಕೀದು ಕಿತ್ತೆಲ್ಲ?"

"ಅದಕ್ಕ ಪೂಜಿ ಆಗಿರಲಿಲ್ರಿ. ಅದಿನ್ನಾ ಬರೇ ಕಟಗಿ ಇತ್ತು."

ಹಿಂದೆ ನಿಂತಿದ್ದ ಬಿಸ್ಮಿಲ್ಲಾಬಿ ಈಗ ಮುಂದೆ ಬಂದಳು.

"ನಿಲ್ಲಿಸಿದ ದಿನ ಫಾತೆ ಓದಿಸಿ ಊರಿಗೆಲ್ಲಾ ಸಕ್ರಿ ಹಂಚೇನವಾ, ಗದಿಗೆವ್ವ. ನಿನ್ನ ಮನಿತನಕ ಬಂದು ಕೈಯಾಗ ಹಾಕಿದ್ದೆ. ನೀ ತಿಂದೀದಿ."

ಗದಿಗೆವ್ವ ತನ್ನ ಅಂಗೈ ನೋಡಿಕೊಂಡಳು. ಸಕ್ಕರೆ ತಿಂದದ್ದು ಖರೇ ಇತ್ತು.

ಚೌಕಟ್ಟು ಮುದ್ದೆಮಾಲೆಂದು ಜಪ್ತಿಯಾಗಬೇಕಿತ್ತು. ಪೂಜೆಯಾದ ಹೊಸ್ತಿಲನ್ನು ಮುಟ್ಟಲು ಪಂಚರು ಹಿಂದೆ ಸರಿದರು. ಕೊನೆಗೆ ಗದಿಗೆವ್ವನೇ ಹೂವು ತೆಗೆದಿಟ್ಟು, ಕೈಮುಗಿದು, ಹಾರೆ ಹಾಕಿ ಮೀಟಿದಳು. ಮೀಟುವಾಗ ಅತ್ತಳು. ಅಕ್ಕ ತಮ್ಮ ಇಬ್ಬರನ್ನೂ ಕಳ್ಳತನದ ಕಲಮಿನಡಿ ಬಂಧಿಸಲಾಯಿತು.

ಶ್ರೀದೇವಿ ಆ ಮಧ್ಯಾಹ್ನವೇ ನ್ಯಾಯಾಲಯಕ್ಕೆ ಓಡಾಡಿದರು. ಶುಕ್ರವಾರ ಬೆಳಿಗ್ಗೆ ಆದೇಶ ಪಡೆದು ಚೌಕಟ್ಟನ್ನು ಬಿಸ್ಮಿಲ್ಲಾಬಿಯ ಸುಪರ್ದಿಗೆ ಕೊಟ್ಟರು. ಜೋಡಿಸಿಟ್ಟ ಇಟ್ಟಿಗೆಗಳೆಲ್ಲ ಬಂದ ಜಾಗಕ್ಕೇ ಹೋಗಿ ಕುಳಿತವು, ಒಂದೂ ಕಡಿಮೆ ಬೀಳಲಿಲ್ಲ. ನಾಲ್ಕೂವರೆಗೆ ಫೋಟೋ ಏರಿತು. ಗದಿಗೆವ್ವನ ಫೋಟೋ ಅದೇ ದಿನ ರದ್ದಾಯಿತು.

ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ಶ್ರೀದೇವಿ 'ಮನೆ ಕೈತಪ್ಪುವ ಭಯ' ಎಂದು ಬರೆದರು. ಇನ್ನೊಂದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಗುರುವಾರ ಜೀಪಿನತ್ತ ಹೊರಟ ಗದಿಗೆವ್ವ, ಚೌಕಟ್ಟು ಕಿತ್ತುಹೋದ ಬರಿಯ ಸಂದಿಯಲ್ಲಿ, ಅಲ್ಲಿಲ್ಲದ ಹೊಸ್ತಿಲನ್ನು ತುಳಿಯಬಾರದೆಂದು ಕಾಲೆತ್ತಿ ದಾಟಿದ್ದಳು.