ಅಜ್ಜಿಯ ಕೈಯ ಸಕ್ಕರೆ

ಸೊಸೆ ಸಕ್ಕರೆ ಡಬ್ಬಿಯನ್ನು ಸಿಂಕಿನಲ್ಲಿ ಬೋರಲು ಹಾಕಿ ನಲ್ಲಿ ತಿರುಗಿಸಿದಾಗ ಅತ್ತೆ ಹಾಸ್ಟೆಲ್ ಅಮ್ಮ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ತಿಂಗಳಿಗೆಂದು ತಂದಿಟ್ಟ ಸಕ್ಕರೆಯೆಲ್ಲ ಅವಳ ಕಣ್ಣೆದುರಿಗೇ ನೀರಾಗಿ ಹರಿದು ಹೋಯಿತು. ಮೇಜಿನ ಮೇಲೆ ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರ ಮುನ್ನೂರ ಎಂಬತ್ತು ಎಂದು ತೋರಿಸುತ್ತಾ ಬಿದ್ದಿತ್ತು. ಅದರ ಪಕ್ಕದಲ್ಲಿ ಏಳು ವರ್ಷದ ಗುಬ್ಬಿ, ಚುಚ್ಚಿಸಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು, ಅಮ್ಮನ ಮುಖ ನೋಡುವುದೋ ಅಜ್ಜಿಯ ಮುಖ ನೋಡುವುದೋ ತಿಳಿಯದೆ ನೆಲ ನೋಡುತ್ತಿದ್ದಳು.

“ಕಾಯಿಲೆ ಬಂದಿರೋದು ಮಗೂಗೆ, ವಿಷ ಹಾಕ್ತಿರೋದು ನೀವು,” ಎಂದಳು ಸೊಸೆ, ತಿರುಗಿಯೂ ನೋಡದೆ. “ಇನ್ಮೇಲೆ ನಿಮ್ಮ ಕೈಯಿಂದ ಒಂದು ಚಿಟಿಕೆ ಸಕ್ಕರೆ ಇವಳ ಬಾಯಿಗೆ ಹೋಯ್ತು ಅಂದ್ರೆ, ಈ ಮನೇಲಿ ನೀವಿರಬೇಕು, ಇಲ್ಲ ನಾನಿರಬೇಕು. ಅವಳು ಕಾಲಿಗೆ ಬಿದ್ದು ಕೇಳಿದ್ರೂ ಕೊಡಕೂಡದು.”

“ಸರಿ ಕಣಮ್ಮ, ಕೊಡಲ್ಲ,” ಎಂದಳು ಹಾಸ್ಟೆಲ್ ಅಮ್ಮ. “ಈ ಮಾತು ಆಡಿದ್ದು ನೀನು. ನೆನಪಿರಲಿ.”

ಮೂವತ್ತು ವರ್ಷ ಶಾಲೆಯ ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ನಿವೃತ್ತಳಾದ ಹೆಂಗಸು ಅವಳು. ಬೀದಿಯವರಿಗೆ ಈಗಲೂ ಅವಳು ಹಾಸ್ಟೆಲ್ ಅಮ್ಮನೇ. ಹೊತ್ತಿಗೆ ಇನ್ನೂರು ಮಕ್ಕಳಿಗೆ ಬಡಿಸಿದ ಕೈ. ಯಾವ ಮಗು ಹಸಿದಿದೆ, ಯಾವ ಮಗು ಹಸಿವಿಲ್ಲವೆಂದು ಸುಳ್ಳು ಹೇಳುತ್ತಿದೆ, ಯಾವುದಕ್ಕೆ ಜ್ವರ ಬರುವುದರಲ್ಲಿದೆ ಎಂಬುದನ್ನು ಸಾಲಿನಲ್ಲಿ ನಿಂತ ಭಂಗಿಯಿಂದಲೇ ಹೇಳಬಲ್ಲವಳು. ಮನೆ ನೆನೆಸಿಕೊಂಡು ಅಳುವ ಮಕ್ಕಳ ಬಾಯಿಗೆ ಚಿಟಿಕೆ ಸಕ್ಕರೆ ಹಾಕಿ ಸುಮ್ಮನಾಗಿಸುವುದು ಅವಳ ಹಳೆಯ ಮದ್ದು. ಅಂಥವಳಿಗೆ ಮೊಮ್ಮಗಳ ವಿಷಯದಲ್ಲಿ, ಇವಳಿಗೆ ಸಿಹಿ ಕೊಡಬೇಡ, ದಿನಕ್ಕೆ ಎರಡು ಸಲ ಸೂಜಿ ಚುಚ್ಚು ಎಂದರೆ ಹೇಗಾಗಬೇಡ! ಸಕ್ಕರೆ ಕಾಯಿಲೆ ಮುದುಕರಿಗೆ ಬರುವುದು, ಇನ್ನೂ ಹಾಲುಹಲ್ಲು ಬೀಳುತ್ತಿರುವ ಮಗುವಿಗೆ ಎಲ್ಲಿಂದ ಬಂತು ಎಂಬುದೇ ಅವಳ ವಾದ. ಸೊಸೆ ಗಾರ್ಮೆಂಟ್ಸಿನಲ್ಲಿ ಚೆಕ್ಕರ್, ಸಿದ್ಧವಾದ ಅಂಗಿಗಳಲ್ಲಿ ತಪ್ಪು ಹುಡುಕುವುದೇ ಅವಳ ಕಸುಬು, ಹೀಗಾಗಿ ಮನೆಗೆ ಬಂದರೂ ಮೊಸರಿನಲ್ಲಿ ಕಲ್ಲು ಹುಡುಕುತ್ತಾಳೆ ಎಂದು ಹಾಸ್ಟೆಲ್ ಅಮ್ಮ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಬಂದಿದ್ದಳು. ಹೇಳಿಕೊಂಡು ಬಂದ ದಿನವೇ ಆ ಮಾತು ಸೊಸೆಯ ಕಿವಿಗೂ ಬಿದ್ದಿತ್ತು.

ಮನೆಯಲ್ಲಿ ಮಗುವಿನ ಜೊತೆ ಇರುವವರನ್ನೆಲ್ಲ ಒಂದು ಸಲ ಕರೆದುಕೊಂಡು ಬನ್ನಿ, ಎಲ್ಲರೂ ಕಲಿಯಬೇಕಾದದ್ದು ಇದೆ ಎಂದು ಆಸ್ಪತ್ರೆಯ ನರ್ಸ್ ಎರಡು ಸಲ ಹೇಳಿ ಕಳಿಸಿದ್ದಳು. ಸೊಸೆ ಒಬ್ಬಳೇ ಹೋಗಿ ಕಲಿತು ಬಂದಳು. ಹಾಸ್ಟೆಲ್ ಅಮ್ಮನನ್ನು ಕರೆಯಲಿಲ್ಲ. ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಮಗ ಒಂದು ಸಂಜೆ ಅಮ್ಮನ ಪಕ್ಕ ಕೂತು, ಸಕ್ಕರೆ ಏರುವುದಷ್ಟೇ ಅಲ್ಲಮ್ಮ, ಒಮ್ಮೊಮ್ಮೆ ಪೂರ್ತಿ ಇಳಿದೂ ಹೋಗುತ್ತದೆ, ಆಗ... ಎಂದು ಶುರು ಮಾಡಿದ. ಹೆಂಡತಿ ಬರೆದುಕೊಟ್ಟ ಪಾಠ ಒಪ್ಪಿಸೋಕೆ ಬಂದೆಯಾ ಎಂದು ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು. ಮಗ ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದು ಅವನ ಕೆಲಸ, ಮನೆಯಲ್ಲಿ ಮಾತ್ರ ಅತ್ತ ದರಿ ಇತ್ತ ಪುಲಿ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಸಕ್ಕರೆ ಚೆಲ್ಲಿದ ದಿನದಿಂದ ಅತ್ತೆ ಸೊಸೆ ಮಾತು ಬಿಟ್ಟರು. ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು, ಇಲ್ಲವೇ ಗುಬ್ಬಿಯ ಮೂಲಕ ಕಳಿಸುತ್ತಿದ್ದರು. ಹಾಸ್ಟೆಲ್ ಅಮ್ಮನ ಯುದ್ಧ ವಿಚಿತ್ರವಾಗಿತ್ತು. ಅವಳು ಎದುರಾಡಲಿಲ್ಲ, ಚಾಚೂ ತಪ್ಪದೆ ಪಾಲಿಸಿದಳು. ಸೊಸೆ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಒಂದು ಬಟ್ಟಲು ಎಂದಿದ್ದರೆ ಬಟ್ಟಲಿನ ಅಂಚನ್ನು ಬೆರಳಿನಿಂದ ಸವರಿ, ಒಂದು ಅಗುಳೂ ಹೆಚ್ಚಾಗದಂತೆ ಬಡಿಸಿದಳು. ಗುಬ್ಬಿ ಮುಖ ಸಿಂಡರಿಸಿದರೆ ಮೊದಲಿನಂತೆ ಕತೆ ಹೇಳಿ ತುತ್ತಿಡಲಿಲ್ಲ. ಇನ್ನಷ್ಟು ಕೇಳಿದರೆ, ಕಡಿಮೆ ಸಾಕೆಂದರೆ, ಎಲ್ಲಕ್ಕೂ ಒಂದೇ ಉತ್ತರ: ನಿಮ್ಮಮ್ಮನನ್ನು ಕೇಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಆ ಮನೆಯಲ್ಲಿ ಗಂಡ ಹೆಂಡಿರು ಚೆನ್ನಾಗಿಯೇ ಇದ್ದರು, ಆದರೂ ಕೂಸು ದಿನದಿಂದ ದಿನಕ್ಕೆ ಬಡವಾಗುತ್ತಿತ್ತು.

ಆ ಶನಿವಾರ ಗುಬ್ಬಿಗೆ ಅರ್ಧ ದಿನದ ಶಾಲೆ. ಓಟದ ಪಂದ್ಯಕ್ಕೆ ತಯಾರಿ ಎಂದು ಮೇಷ್ಟ್ರು ಮಕ್ಕಳನ್ನು ಮೈದಾನದ ಸುತ್ತ ಓಡಿಸಿದ್ದರು. ಮನೆಗೆ ಬಂದವಳು ಊಟಕ್ಕೆ ಕೂತು ನಾಲ್ಕು ತುತ್ತು ತಿಂದು ತಟ್ಟೆ ಸರಿಸಿದಳು. ಸಕ್ಕರೆ ಇಳಿಸುವ ಇನ್ಸುಲಿನ್ ಸೂಜಿ ಬೆಳಿಗ್ಗೆಯೇ ಆಗಿತ್ತು. ಹಿಂದೆ ಆಗಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ, ಅಂದು ಹಾಗೇ ತಟ್ಟೆ ಎತ್ತಿದಳು. ಮೂರು ಗಂಟೆಯ ಹೊತ್ತಿಗೆ ಹಾಸ್ಟೆಲ್ ಅಮ್ಮ ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಗುಬ್ಬಿ ಬಂದು ಸೆರಗು ಹಿಡಿದಳು. ಕಪಾಟಿನ ಮೇಲಿನ ಗ್ಲೂಕೋಸ್ ಪುಡಿಯ ಪೊಟ್ಟಣ ಬೇಕೆಂದಳು. ಅದನ್ನು ಅಲ್ಲಿ ಇಟ್ಟವಳು ಸೊಸೆಯೇ.

“ಅದೂ ಸಕ್ಕರೆಯೇ ಅಲ್ವೇ? ನನ್ನ ಕೈಯಿಂದ ಕೊಡಕೂಡದಂತೆ. ನಿಮ್ಮಮ್ಮ ಬರಲಿ.”

“ನಡುಗ್ತಿದೆ ಅಜ್ಜಿ... ಅಮ್ಮ ಹೇಳಿದ್ದಾಳೆ, ನಡುಗಿದ್ರೆ ಕೇಳು ಅಂತ.”

“ನಿಮ್ಮಮ್ಮ ನಂಗೆ ಹೇಳಿಲ್ಲ. ನಂಗೆ ಹೇಳಿರೋದು, ಕಾಲಿಗೆ ಬಿದ್ರೂ ಕೊಡಬೇಡ ಅಂತ.”

ಗುಬ್ಬಿ ನಿಜವಾಗಿಯೂ ಕಾಲಿಗೆ ಬಿದ್ದಳು. ಬಾಗಿ, ಅಜ್ಜಿಯ ಎರಡೂ ಪಾದಗಳನ್ನು ಮುಟ್ಟಿದಳು. ಆ ಬೆರಳುಗಳು ತಣ್ಣಗಿದ್ದವು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು, ತುಟಿ ಬಿಳಿಚಿಕೊಂಡಿತ್ತು. ಹಾಸ್ಟೆಲ್ ಅಮ್ಮ ಅದನ್ನೆಲ್ಲ ನೋಡಿದಳು. ಇನ್ನೂರು ಮಕ್ಕಳ ಸಾಲಿನಲ್ಲಿ ಒಂದನ್ನು ಗುರುತಿಸಿ ಪಕ್ಕಕ್ಕೆ ಕರೆಯುತ್ತಿದ್ದ ಕಣ್ಣಿಗೆ ಕಾಣದೇ ಇರುತ್ತದೆಯೇ? ಪೊಟ್ಟಣ ಎದ್ದು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವಳು ಅದರತ್ತ ನೋಡಿದಳು, ಗಡಿಯಾರದತ್ತ ನೋಡಿದಳು. ಸೊಸೆ ಬರುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಬರಲಿ, ಬಂದು ತನ್ನ ಅಪ್ಪಣೆ ಹೇಗೆ ನಡೆದಿದೆ ಎಂದು ಕಣ್ಣಾರೆ ನೋಡಲಿ, ಆಗ ಅತ್ತೆಯ ಕೈಯ ಬೆಲೆ ತಿಳಿಯುತ್ತದೆ ಎಂದುಕೊಂಡಳು. ಚಾಪೆ ಹಾಸಿ, ಸ್ವಲ್ಪ ಮಲಗು, ಸರಿಹೋಗುತ್ತದೆ ಎಂದು ಹೇಳಿ ಮತ್ತೆ ಬಟ್ಟೆ ಮಡಿಸತೊಡಗಿದಳು.

ಆರು ಬಟ್ಟೆ ಮಡಿಸುವಷ್ಟರಲ್ಲಿ ಗುಬ್ಬಿಯ ಕೈಕಾಲು ಸೆಟೆದುಕೊಂಡವು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಬಾಯಿಂದ ನೊರೆ ಬಂತು. ಹಾಸ್ಟೆಲ್ ಅಮ್ಮನ ಕೂಗಿಗೆ ಕೆಳಗಿನ ಇಸ್ತ್ರಿ ಅಂಗಡಿಯವನು ಓಡಿ ಬಂದ. ಅವನೇ ಮಗುವನ್ನು ಎತ್ತಿಕೊಂಡು ಆಟೋ ಹಿಡಿದ. ಹಿಂದೆ ಬರಿಗಾಲಲ್ಲಿ ಬಂದು ಹತ್ತಿದ ಮುದುಕಿ ದಾರಿಯುದ್ದಕ್ಕೂ, ಕೊಡ್ತೀನಿ ಕಣೇ, ಈಗಲೇ ಕೊಡ್ತೀನಿ, ಕಣ್ಣು ಬಿಡು ಎನ್ನುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಸಕ್ಕರೆ ಇಪ್ಪತ್ತೆಂಟು. ಡಾಕ್ಟರು ರಕ್ತನಾಳಕ್ಕೇ ಗ್ಲೂಕೋಸ್ ಏರಿಸಿದರು. ಇನ್ನೊಂದಷ್ಟು ಹೊತ್ತಾಗಿದ್ದರೆ ಏನೂ ಹೇಳಲು ಬರುತ್ತಿರಲಿಲ್ಲ ಎಂದು ನರ್ಸ್ ಹೇಳಿದಳು. ಸೊಸೆ ಕಾರ್ಖಾನೆಯಿಂದ ನೇರವಾಗಿ ಬಂದಿದ್ದಳು, ಏಪ್ರನ್ನಿನ ಮೇಲೆ ದಾರದ ಚೂರುಗಳು ಅಂಟಿಕೊಂಡೇ ಇದ್ದವು. ಅವಳು ಹಾಸಿಗೆಯ ಪಕ್ಕದಲ್ಲಿ ನಿಂತು, ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಮುದುಕಿ ಆಟೋದಲ್ಲಿ ಹಲುಬಿದ್ದನ್ನು ಇಸ್ತ್ರಿ ಅಂಗಡಿಯವನು ಗಂಡ ಹೆಂಡಿರಿಬ್ಬರಿಗೂ ಹೇಳಿದ್ದ. ಮಾತಾಡಿದ್ದು ಮಗ. ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಅಂದು ವಾರ್ಡಿನವರು ತಿರುಗಿ ನೋಡುವಂತೆ ಅಮ್ಮನ ಮೇಲೆ ಕಾರಿದ. ಕೊನೆಗೆ, “ನಾಳೆ ಬೆಳಿಗ್ಗೆ ಅಕ್ಕನ ಮನೆ ಬಸ್ಸು ಹತ್ತು. ಇನ್ನು ನನ್ನ ಮಗಳ ಹತ್ರ ಬರಬೇಡ,” ಎಂದ.

ಸೊಸೆ ಅಂದು ಸುಮ್ಮನಿದ್ದರೆ ಸಾಕಿತ್ತು. ಹತ್ತು ವರ್ಷಗಳಿಂದ ಬೇಡಿಕೊಂಡದ್ದು ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ಅವಳು ಹಾಸಿಗೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಕೊಡಬೇಡಿ ಅಂದಿದ್ದು ನಾನು. ಕಾಲಿಗೆ ಬಿದ್ರೂ ಕೊಡಕೂಡದು ಅಂದಿದ್ದೆ. ಮನೆಯವರನ್ನ ಕರ್ಕೊಂಡು ಬನ್ನಿ ಅಂತ ಸಿಸ್ಟರ್ ಹೇಳ್ದಾಗ, ಬರೋರು ಯಾರೂ ಇಲ್ಲ ಅಂತ ಸುಳ್ಳು ಹೇಳ್ದೆ. ಅವರಿಗೆ ಗೊತ್ತಿರಲಿಲ್ಲ.”

ಹಾಸ್ಟೆಲ್ ಅಮ್ಮ ತಲೆಯೆತ್ತಿದಳು. ಗೊತ್ತಿರಲಿಲ್ಲ! ಎಷ್ಟು ಸಲೀಸಾದ ಮಾತು. ಅದರ ಮರೆಯಲ್ಲಿ ನಿಂತುಬಿಟ್ಟರೆ ಸಾಯುವತನಕ ಯಾರೂ ಬೆರಳು ತೋರಿಸುವಂತಿಲ್ಲ. ಮೊಮ್ಮಗಳ ಕೈಗೆ ಸಿಕ್ಕಿಸಿದ್ದ ನಳಿಕೆಯಲ್ಲಿ ಸಕ್ಕರೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು.

“ಗೊತ್ತಾಗಿತ್ತು,” ಎಂದಳು. “ಕಾಯಿಲೆ ವಿಷಯ ಗೊತ್ತಿರಲಿಲ್ಲ, ನಿಜ. ಆದ್ರೆ ಮಗು ನಾಟಕ ಆಡ್ತಿಲ್ಲ ಅಂತ ಗೊತ್ತಾಗಿತ್ತು. ಬೆವರ್ತಿದ್ಲು, ನನ್ನ ಕಾಲು ಹಿಡ್ಕೊಂಡ್ಲು. ಆದ್ರೂ ಕೊಡ್ಲಿಲ್ಲ... ನೀನು ಬಂದು ನೋಡ್ಬೇಕು ಅಂತ. ನೀನು ಸೋಲ್ಬೇಕು ಅಂತ...”

ಮಗ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದ. ಸೊಸೆ ಆಗ ಮೊದಲ ಬಾರಿಗೆ ತಿರುಗಿ ಅತ್ತೆಯನ್ನು ನೋಡಿದಳು. ಹೊಡೆದಿದ್ದರೂ ಹಾಸ್ಟೆಲ್ ಅಮ್ಮ ಅಷ್ಟು ಕುಗ್ಗುತ್ತಿರಲಿಲ್ಲ.

“ಇದನ್ನ ನಾನು ಮರೆಯಲ್ಲ ಅತ್ತೆ,” ಎಂದಳು. “ಈ ಜನ್ಮದಲ್ಲಿ ಮರೆಯಲ್ಲ. ಆದ್ರೆ ಮಧ್ಯಾಹ್ನದ ಹೊತ್ತು ಅವಳ ಜೊತೆ ಇರೋಕೆ ನಿಮ್ಮನ್ನ ಬಿಟ್ರೆ ಯಾರೂ ಇಲ್ಲ. ಇನ್ಮೇಲೆ ಅವಳ ವಿಷಯದಲ್ಲಿ ನಿಮ್ಮ ಹತ್ರ ಏನನ್ನೂ ಮುಚ್ಚಿಡಲ್ಲ. ಸೋಮವಾರ ಹತ್ತು ಗಂಟೆಗೆ ಕಲಿಸ್ತಾರೆ. ಇಬ್ರೂ ಹೋಗೋಣ.”

ಸೋಮವಾರ ಇಬ್ಬರೂ ಹೋದರು. ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಕೊಪ್ಪರಿಗೆಗಟ್ಟಲೆ ಅನ್ನ ತಿರುವಿದ ಕೈ, ಬೆರಳುಗುರಿನಷ್ಟು ಅಗಲದ ರಕ್ತ ಪರೀಕ್ಷೆಯ ಪಟ್ಟಿಯನ್ನು ಯಂತ್ರಕ್ಕೆ ಸಿಕ್ಕಿಸಲಾರದೆ ಮೂರು ಸಲ ಕೆಳಗೆ ಬೀಳಿಸಿತು. ನರ್ಸ್ ಮೊದಲು ಅವಳ ಬೆರಳನ್ನೇ ಚುಚ್ಚಿಸಿದಳು. ಏರಿದರೆ ಏನು ಮಾಡಬೇಕು, ಇಳಿದರೆ ಏನು ಮಾಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದೇಕೆ ಎಂದು ಹೇಳಿಕೊಟ್ಟಳು. ಮಗುವಿಗೊಂದು ಅಡಿಗೆ, ಮನೆಯವರಿಗೊಂದು ಅಡಿಗೆ ಎಂದು ಮಾಡಬೇಡಿ, ಎಲ್ಲರೂ ಒಂದೇ ಊಟ ಮಾಡಿ ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, ಅಂಕಿ ಏರಿದ್ದಕ್ಕೆ ಮಗುವನ್ನು ಬೈಯಬೇಡಿ, ಬೈದರೆ ತಿಂದದ್ದನ್ನು ಮುಚ್ಚಿಡುವುದನ್ನು ಕಲಿಯುತ್ತದೆ, ವಿಷ ಎಂಬ ಮಾತನ್ನಂತೂ ಆಡಲೇಬೇಡಿ ಎಂದು ನಿಧಾನವಾಗಿ ಹೇಳಿದಳು. ಇಬ್ಬರೂ ಶಾಲೆಯ ಮಕ್ಕಳಂತೆ ತಲೆ ತಗ್ಗಿಸಿಕೊಂಡು ಕೇಳಿದರು.

ಮನೆಯಲ್ಲಿ ಮಾತು ಮತ್ತೆ ಶುರುವಾಯಿತು, ಆದರೆ ಅಂಕಿಗಳಲ್ಲಿ ಮಾತ್ರ. ಬೆಳಿಗ್ಗೆ ನೂರ ಇಪ್ಪತ್ತು ಎಂದು ಸೊಸೆ ಹೇಳಿ ಹೋಗುವಳು, ಮಧ್ಯಾಹ್ನ ನೂರ ಐವತ್ತು, ಪೂರ್ತಿ ಊಟ ಮಾಡಿದಳು ಎಂದು ಸಂಜೆ ಅತ್ತೆ ಹೇಳುವಳು. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ, ಕಡಿಮೆಯೂ ಆಗಲಿಲ್ಲ. ಹಾಸ್ಟೆಲ್ ಅಮ್ಮ ಅಕ್ಕಪಕ್ಕದವರ ಮನೆಗೆ ಹೋಗುವುದನ್ನು ಬಿಟ್ಟಳು. ಗುಬ್ಬಿ ಶಾಲೆಯಿಂದ ಬಂದರೆ ನಗುತ್ತಿದ್ದಳು, ಪಾಠ ಓದುತ್ತಿದ್ದಳು, ಚುಚ್ಚಲು ಬೆರಳು ಕೊಡುತ್ತಿದ್ದಳು. ಅಜ್ಜಿಯ ಮಡಿಲಿಗೆ ಮಾತ್ರ ಬರುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗುಬ್ಬಿ ಬರೆಯುತ್ತಾ ಕೂತವಳು ಪೆನ್ಸಿಲ್ ಕೆಳಗಿಟ್ಟಳು. ಗ್ಲೂಕೋಸ್ ಕೇಳಲಿಲ್ಲ. ಹಾಸ್ಟೆಲ್ ಅಮ್ಮ ಒಲೆ ಆರಿಸಿ ಬಂದು ಹಣೆ ಮುಟ್ಟಿದಳು, ಒದ್ದೆಯಾಗಿತ್ತು. ಬೆರಳು ಚುಚ್ಚಿದಳು. ಐವತ್ತಾರು. ಮೂರು ಚಮಚ ಗ್ಲೂಕೋಸ್ ಅಳೆದು ಲೋಟದ ನೀರಿಗೆ ಹಾಕಿ, ಕಲಕಿ, ಮಗುವಿನ ಮುಂದೆ ಮಂಡಿಯೂರಿ ಕೂತಳು. ಗುಬ್ಬಿ ಲೋಟವನ್ನು ನೋಡಿದಳು, ಆಮೇಲೆ ಅಜ್ಜಿಯ ಮುಖವನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು.

“ಈ ಸಲ ಕೊಡ್ತೀಯಾ ಅಜ್ಜಿ?” ಎಂದು ಕೇಳಿದಳು.

ಹಾಸ್ಟೆಲ್ ಅಮ್ಮ ಹೂಂ ಎಂದು ತಲೆಯಾಡಿಸಿ ಲೋಟವನ್ನು ತುಟಿಗೆ ಹಿಡಿಯಲು ಹೋದಳು. ಗುಬ್ಬಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತನ್ನ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು, ಅಜ್ಜಿಯಿಂದ ಕಣ್ಣು ತೆಗೆಯದೆ, ಕೊನೆಯ ಹನಿಯವರೆಗೂ ತಾನೇ ಕುಡಿದಳು.